ಮನೆಯ ತಾಳಮದ್ದಳೆಯನ್ನು ಮೊಬೈಲಿನಿಂದ ನೇರಪ್ರಸಾರ ಮಾಡಬೇಕಾಗಿದೆ, ಸಿದ್ಧತೆಯ ಬಗ್ಗೆ ಸಲಹೆ ಕೊಡಿ

ಅಘನಾಶಿನಿ ದಂಡೆ

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲೂಕಿನ ನಮ್ಮ ಮನೆಯಲ್ಲಿ ಚೌತಿ ಕಳೆದ ಮೇಲೆ ಬರುವ ಶನಿವಾರ ರಾತ್ರಿ ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಪದ್ಯ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಮಾಡಿಸುವುದು ಅಜ್ಜನ ಕಾಲದಿಂದ ಬಂದ ಕ್ರಮ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲವಾದ್ದರಿಂದ ಪದ್ಯ ಹಾಡುವ ಒಳ್ಳೆಯ ಭಾಗವತರೂ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳೂ ಬಿಡುವಾಗಿ ಸಿಗುತ್ತಾರೆ. ರಾತ್ರಿ ಒಂಬತ್ತಕ್ಕೆ ಆರಂಭವಾದರೆ ಬೆಳಗಿನ ಮೂರು ಗಂಟೆಯವರೆಗೂ ನಡೆಯುತ್ತದೆ. ಈ ವರ್ಷ ಅದನ್ನು ಮೊಬೈಲಿನಿಂದ ನೇರಪ್ರಸಾರ ಮಾಡಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದೇವೆ. ಕಾರಣ ಒಂದೇ. ಎಂಬತ್ತು ದಾಟಿದ ನಮ್ಮ ಸೋದರತ್ತೆ ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಬೆಂಗಳೂರಿನಿಂದ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಈ ಕೂಟವನ್ನು ಅವರು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರ ಜೊತೆಗೆ ಮಸ್ಕತ್ತಿನಲ್ಲಿರುವ ತಮ್ಮನ ಕುಟುಂಬ, ನ್ಯೂಜೆರ್ಸಿಯಲ್ಲಿರುವ ಮಗಳು, ಇನ್ನೊಂದಷ್ಟು ನೆಂಟರು, ಒಟ್ಟು ನಲವತ್ತು ಮನೆಯವರು ನೋಡಬಹುದು.

ಕಳೆದ ವರ್ಷ ಅಳಿಯ ತನ್ನ ಫೋನನ್ನು ಕಂಬಕ್ಕೆ ಕಟ್ಟಿ ಒಂದು ಪ್ರಯತ್ನ ಮಾಡಿದ್ದ. ಚಿತ್ರವೇನೋ ಕಂಡಿತು, ಆದರೆ ಚೆಂಡೆಯ ಪೆಟ್ಟಿನ ಹೊರತು ಬೇರೇನೂ ಕೇಳಲಿಲ್ಲವೆಂದು ಅತ್ತೆ ಅರ್ಧ ಗಂಟೆಯಲ್ಲೇ ಮುಚ್ಚಿಟ್ಟರು. ಈ ಸಲ ಹಾಗಾಗಬಾರದು. ಕಾರ್ಯಕ್ರಮಕ್ಕೆ ಇನ್ನು ಇಪ್ಪತ್ತು ದಿನಗಳಿವೆ. ಮನೆಗೆ ಫೈಬರ್ ಸಂಪರ್ಕವಿದೆ, ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಮಾತ್ರ ಸಿಗುತ್ತದೆ. ಯಾವ ಆ್ಯಪ್ ಬಳಸಬೇಕು, ಎಲ್ಲಿಂದ ಆರಂಭಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಕಂಬಳಿಕೊಪ್ಪೆ

ಅಕ್ಕಾ, ಇಪ್ಪತ್ತು ದಿನ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಹಿಂದಿನ ಸಂಜೆ ಕೇಳುತ್ತಾರೆ. ಆಗ ಗುಂಡಿ ಒತ್ತಿದರೆ ‘ನಿಮ್ಮ ಖಾತೆಗೆ ಈ ಸೌಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. 2016ರಲ್ಲಿ ಫೇಸ್‌ಬುಕ್ ಲೈವ್ ಎಲ್ಲರಿಗೂ ತೆರೆದಾಗ ಇಂಥ ನಿಬಂಧನೆಗಳು ಇರಲಿಲ್ಲ. ಈಗ ಅಲ್ಲಿ ಖಾತೆಗೆ ಕನಿಷ್ಠ 60 ದಿನ ವಯಸ್ಸಾಗಿರಬೇಕು, 100 ಹಿಂಬಾಲಕರಿರಬೇಕು. ಇನ್‌ಸ್ಟಾಗ್ರಾಂ 2025ರಿಂದ 1,000 ಹಿಂಬಾಲಕರಿರುವ ಸಾರ್ವಜನಿಕ ಖಾತೆಗಳಿಗೆ ಮಾತ್ರ ಲೈವ್ ಕೊಡುತ್ತಿದೆ. ಯೂಟ್ಯೂಬಿನ ಮೊಬೈಲ್ ಆ್ಯಪಿನಿಂದ ನೇರವಾಗಿ ಪ್ರಸಾರ ಮಾಡಲು ಚಾನೆಲ್ಲಿಗೆ 50 ಚಂದಾದಾರರು ಬೇಕು, ಫೋನ್ ಸಂಖ್ಯೆಯಿಂದ ಚಾನೆಲ್ಲನ್ನು ದೃಢಪಡಿಸಿರಬೇಕು. ಮೊದಲ ಸಲ ಲೈವ್ ಸೌಲಭ್ಯವನ್ನು ಕೇಳಿಕೊಂಡ ಮೇಲೆ ಅದು ತೆರೆಯಲು 24 ಗಂಟೆಯವರೆಗೆ ಹಿಡಿಯಬಹುದು. ಆದ್ದರಿಂದ ಈ ಕೆಲಸವನ್ನು ಇಂದೇ ಮಾಡಿ. ನಲವತ್ತು ಮನೆಯವರಿಂದಲೇ 50 ಚಂದಾದಾರರಾಗುತ್ತಾರೆ. ಯೂಟ್ಯೂಬಿನಲ್ಲಿ 12 ಗಂಟೆಗಿಂತ ಕಡಿಮೆ ಅವಧಿಯ ಪ್ರಸಾರ ತಾನಾಗಿಯೇ ಮುದ್ರಿಕೆಯಾಗಿ ಉಳಿಯುತ್ತದೆ. ಫೇಸ್‌ಬುಕ್ಕಿನಲ್ಲಿ ಲೈವ್ ವಿಡಿಯೊ 30 ದಿನ ಮಾತ್ರ ಇರುತ್ತದೆ. ಆರು ಗಂಟೆಯ ತಾಳಮದ್ದಳೆಗೆ ನಾನು ಯೂಟ್ಯೂಬನ್ನೇ ಹೇಳುತ್ತೇನೆ.

ಆ್ಯಪಿನಲ್ಲಿ ಕೆಳಗಿನ ಕೂಡಿಸುವ ಗುರುತನ್ನು ಒತ್ತಿ ಲೈವ್ ಆಯ್ದುಕೊಂಡರೆ ಶೀರ್ಷಿಕೆ, ಯಾರು ನೋಡಬಹುದು ಎಂಬ ಆಯ್ಕೆ, ಸಮಯ ನಿಗದಿ ಎಲ್ಲವೂ ಬರುತ್ತವೆ. ಅಲ್ಲಿ ಎರಡು ಎಚ್ಚರಿಕೆಗಳಿವೆ. ‘ಮಕ್ಕಳಿಗಾಗಿ ಮಾಡಿದ ವಿಡಿಯೊ’ ಎಂದು ಗುರುತು ಹಾಕಿದರೆ ಚಾಟ್ ಇರುವುದಿಲ್ಲ, ಹಾಗಾಗಿ ಧ್ವನಿ ಸರಿಯಿಲ್ಲವೆಂದು ದೂರದ ನೆಂಟರು ನಿಮಗೆ ತಿಳಿಸುವ ದಾರಿ ಮುಚ್ಚುತ್ತದೆ. ಇನ್ನೊಂದು, ಫೋನನ್ನು ಅಡ್ಡಲಾಗಿ ಇಟ್ಟುಕೊಂಡ ಮೇಲೆಯೇ ಆರಂಭಿಸಬೇಕು. ಉದ್ದಕ್ಕೆ ಹಿಡಿದು ಆರಂಭಿಸಿ ನಡುವೆ ತಿರುಗಿಸಿದರೆ ಭಾಗವತರು ಗೋಡೆಗೆ ಒರಗಿ ಮಲಗಿದಂತೆ ಕಾಣುತ್ತಾರೆ.

ಅಘನಾಶಿನಿ ದಂಡೆ

ತುಂಬಾ ಉಪಕಾರವಾಯಿತು. ಚಾನೆಲ್ ತೆರೆದು, ದೃಢೀಕರಣವನ್ನೂ ಮಾಡಿದ್ದೇನೆ. ಆದರೆ ಇದು ಮನೆಯವರಿಗಷ್ಟೇ ಆದುದರಿಂದ ವಾಟ್ಸ್‌ಆ್ಯಪ್ ವಿಡಿಯೊ ಕರೆ ಅಥವಾ ಗೂಗಲ್ ಮೀಟ್ ಸಾಲದೇ ಎಂದು ಮಗಳು ಕೇಳುತ್ತಿದ್ದಾಳೆ. ಸಾರ್ವಜನಿಕವಾಗಿ ಹಾಕಲು ಮನೆಯ ಹಿರಿಯರಿಗೂ ಅಷ್ಟು ಮನಸ್ಸಿಲ್ಲ.

ಕಂಬಳಿಕೊಪ್ಪೆ

ವಾಟ್ಸ್‌ಆ್ಯಪ್ ಕರೆಗೆ 32 ಜನರ ಮಿತಿಯಿದೆ. ಉಚಿತ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ ಕರೆ ಮುಗಿಯುತ್ತದೆ, ಅಷ್ಟರಲ್ಲಿ ಪೀಠಿಕೆಯೇ ಮುಗಿದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಅವು ಮಾತಿಗಾಗಿ ಮಾಡಿದ ಆ್ಯಪ್‌ಗಳು. ಮನುಷ್ಯರ ಮಾತಿನ ಹೊರತಾದ ಶಬ್ದವೆಲ್ಲ ಗದ್ದಲವೆಂದು ಭಾವಿಸಿ ಅದನ್ನು ಅಳಿಸುವುದು ಅವುಗಳ ಕ್ರಮವಾಗಿರುವುದರಿಂದ ಮದ್ದಳೆಯ ನಾದ ತುಂಡು ತುಂಡಾಗುತ್ತದೆ.

ಯೂಟ್ಯೂಬಿನಲ್ಲಿ ‘ಪ್ರೈವೇಟ್’ ಆಯ್ದುಕೊಳ್ಳಬೇಡಿ, ಪ್ರತಿಯೊಬ್ಬರನ್ನೂ ಅವರ ಗೂಗಲ್ ಖಾತೆಯ ಮೂಲಕ ಆಹ್ವಾನಿಸಬೇಕಾಗುತ್ತದೆ. ನಿಮ್ಮ ಅತ್ತೆಯವರ ಟಿವಿಯಲ್ಲಿ ಯಾರ ಖಾತೆಯಿದೆಯೋ ಯಾರಿಗೆ ಗೊತ್ತು. ‘ಅನ್‌ಲಿಸ್ಟೆಡ್’ ಆಯ್ದುಕೊಂಡರೆ ಕೊಂಡಿ ಇದ್ದವರಿಗೆ ಮಾತ್ರ ಕಾಣುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಆದರೆ ಕೊಂಡಿಯನ್ನು ಪಡೆದವರು ಇನ್ನೊಬ್ಬರಿಗೆ ಕಳುಹಿಸಿದರೆ ಅವರೂ ನೋಡಬಲ್ಲರು ಎಂಬುದನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿ.

ಶ್ರುತಿಪೆಟ್ಟಿಗೆ

ಕಳೆದ ವರ್ಷ ನಿಮ್ಮ ಅತ್ತೆಯವರಿಗೆ ಚೆಂಡೆ ಮಾತ್ರ ಕೇಳಿದ್ದಕ್ಕೆ ಕಾರಣವನ್ನು ಹೇಳುತ್ತೇನೆ, ಏಕೆಂದರೆ ಅದನ್ನು ತಿಳಿಯದೆ ಹೊಸ ಫೋನ್ ಕೊಂಡರೂ ಪ್ರಯೋಜನವಿಲ್ಲ. ಫೋನಿನ ಮೈಕು ಶಬ್ದ ದೊಡ್ಡದಾದಾಗ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಚಿಕ್ಕದಾದಾಗ ಏರಿಸಿಕೊಳ್ಳುತ್ತದೆ. ಚೆಂಡೆಗೆ ಒಂದು ಪೆಟ್ಟು ಬಿದ್ದೊಡನೆ ಮೈಕು ತಗ್ಗುತ್ತದೆ, ಅದರ ಹಿಂದೆಯೇ ಬರುವ ಪದ್ಯದ ಮೊದಲ ಅಕ್ಷರಗಳು ಆ ತಗ್ಗಿನಲ್ಲಿ ಮುಳುಗುತ್ತವೆ. ಮೈಕು ಮತ್ತೆ ಏಳುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ. ಅದೂ ಅಲ್ಲದೆ ಕಂಬಕ್ಕೆ ಕಟ್ಟಿದ ಫೋನು ಹದಿನೈದು ಇಪ್ಪತ್ತು ಅಡಿ ದೂರದಲ್ಲಿದ್ದಿರಬೇಕು, ಅಷ್ಟು ದೂರಕ್ಕೆ ಗೋಡೆಗೆ ತಾಗಿ ಮರಳುವ ಶಬ್ದವೂ ಸೇರಿ ಮಾತು ಕಲಸಿಹೋಗುತ್ತದೆ. ಬಯಲಾಟದಲ್ಲಾದರೆ ವೇಷವಿದೆ, ಕುಣಿತವಿದೆ, ಕಣ್ಣಿಗೆ ಕೆಲಸವಿದೆ. ತಾಳಮದ್ದಳೆಯಲ್ಲಿ ಪಂಚೆ ಶಾಲು ಹೊದ್ದು ಕುಳಿತವರ ಮಾತೇ ರಾಮ, ಮಾತೇ ರಾವಣ. ಅಲ್ಲಿ ಒಂದು ವಾಕ್ಯ ತಪ್ಪಿದರೆ ಮುಂದಿನ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಆದ್ದರಿಂದ ನಿಮ್ಮ ಖರ್ಚು, ಸಮಯ, ಗಮನ ಎಲ್ಲವನ್ನೂ ಧ್ವನಿಗೆ ಕೊಡಿ. ಚಿತ್ರ ಮಸುಕಾದರೂ ನೋಡುವವರು ಕುಳಿತೇ ಇರುತ್ತಾರೆ.

ಮೈಕ್‌ಸೆಟ್ಟಿನವರ ಮಿಕ್ಸರಿನಿಂದ (ಎಲ್ಲ ಮೈಕುಗಳ ಧ್ವನಿಯನ್ನು ಬೆರೆಸುವ ಪೆಟ್ಟಿಗೆ) ಒಂದು ತಂತಿಯನ್ನು ಫೋನಿಗೆ ತರುವುದೇ ಸರಿಯಾದ ದಾರಿ. ಆದರೆ ಮಿಕ್ಸರಿನಿಂದ ಹೊರಬರುವ ಸಂಕೇತ ಮೈಕಿನದಕ್ಕಿಂತ ಬಹಳ ಬಲವಾದುದು, ಅದನ್ನು ನೇರವಾಗಿ ಫೋನಿನ ಹೆಡ್‌ಫೋನ್ ತೂತಿಗೆ ಕೊಟ್ಟರೆ ಒಡೆದ ಧ್ವನಿ ಬರುತ್ತದೆ. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆಯನ್ನು ನಡುವೆ ಇಟ್ಟು ಫೋನಿನ ಚಾರ್ಜಿಂಗ್ ತೂತಿನ ಮೂಲಕ ಸೇರಿಸುವುದು ಒಳಿತು. ಅದು ಸಿಗದಿದ್ದರೆ ಸಂಕೇತವನ್ನು ತಗ್ಗಿಸುವ, ತುದಿಯಲ್ಲಿ ಮೂರು ಕಪ್ಪು ಗೆರೆಗಳಿರುವ ಪಿನ್ನಿನ ಕೇಬಲ್ಲನ್ನು ಕೇಳಿ ಪಡೆಯಿರಿ. ಎರಡೇ ಗೆರೆಯ ಸಾಮಾನ್ಯ ಪಿನ್ನನ್ನು ಹಾಕಿದರೆ ಫೋನು ಅದನ್ನು ಮೈಕೆಂದು ಗುರುತಿಸದೆ ತನ್ನ ಒಳಮೈಕನ್ನೇ ಬಳಸುತ್ತಿರುತ್ತದೆ, ಪರದೆಯ ಮೇಲೆ ಅದು ಗೊತ್ತೇ ಆಗುವುದಿಲ್ಲ. ಪರೀಕ್ಷಿಸುವ ಉಪಾಯ ಸುಲಭ. ಪ್ರಯೋಗದ ವೇಳೆ ಫೋನಿನ ಮೈಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆ ಸದ್ದು ಪ್ರಸಾರದಲ್ಲಿ ಕೇಳಿಸಿದರೆ ಒಳಮೈಕೇ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಇನ್ನೊಂದು ಮಾತನ್ನು ನಾನು ತಪ್ಪು ಮಾಡಿಯೇ ಕಲಿತಿದ್ದೇನೆ. ಮನೆಯಂಥ ಸಣ್ಣ ಜಾಗದಲ್ಲಿ ಚೆಂಡೆಗೆ ಮೈಕಿನ ಅಗತ್ಯವಿರುವುದಿಲ್ಲವೆಂದು ಮೈಕ್‌ಸೆಟ್ಟಿನವರು ಇಡುವುದೇ ಇಲ್ಲ. ಆಗ ಮಿಕ್ಸರಿನಿಂದ ಬರುವ ಧ್ವನಿಯಲ್ಲಿ ಭಾಗವತರೂ ಅರ್ಥಧಾರಿಗಳೂ ಸ್ಪಷ್ಟವಾಗಿದ್ದು, ಚೆಂಡೆ ಪಕ್ಕದ ಮನೆಯಲ್ಲಿ ಬಾರಿಸಿದಂತೆ ಕೇಳುತ್ತದೆ, ಸಭೆಯ ನಗೆಯಂತೂ ಕೇಳುವುದೇ ಇಲ್ಲ. ಒಬ್ಬ ಅರ್ಥಧಾರಿ ಚಮತ್ಕಾರದ ಮಾತಾಡಿ ಸಭೆಗಾಗಿ ಒಂದು ಕ್ಷಣ ನಿಂತಾಗ, ದೂರದಲ್ಲಿ ಕೇಳುವವರಿಗೆ ಅದು ಬರೀ ಮೌನ. ಆದುದರಿಂದ ಸಭೆಯ ಕಡೆಗೆ ಮುಖಮಾಡಿದ ಒಂದು ಮೈಕು, ಚೆಂಡೆಯಿಂದ ನಾಲ್ಕೈದು ಅಡಿ ದೂರದಲ್ಲಿ ಒಂದು ಮೈಕು, ಇವೆರಡನ್ನು ಮನೆಯ ಸ್ಪೀಕರಿಗೆ ಕೊಡದೆ ಪ್ರಸಾರದ ತಂತಿಗೆ ಮಾತ್ರ ಕೊಡಲು ಹೇಳಿ. ಮಿಕ್ಸರಿನಲ್ಲಿ ಆಕ್ಸ್ ಎಂಬ ಹೊರದಾರಿ ಇರುವುದು ಇದಕ್ಕಾಗಿಯೇ, ಅವರಿಗೆ ಗೊತ್ತಿರುತ್ತದೆ.

ಗೋಪುರದ ಕೆಳಗಿನವ

ನಾನು ಸಂಪರ್ಕದ ವಿಷಯವನ್ನಷ್ಟೇ ಹೇಳುತ್ತೇನೆ, ಹತ್ತು ವರ್ಷ ಇದೇ ಕೆಲಸದಲ್ಲಿದ್ದೇನೆ. ನೇರಪ್ರಸಾರಕ್ಕೆ ಬೇಕಾಗುವುದು ಇಳಿಸುವ ವೇಗವಲ್ಲ, ಏರಿಸುವ ವೇಗ. ಫೋನಿನಲ್ಲಿ ಸಿನಿಮಾ ಸರಾಗವಾಗಿ ಓಡುತ್ತದೆಯೆಂಬುದು ಯಾವ ಭರವಸೆಯೂ ಅಲ್ಲ. ವೇಗಪರೀಕ್ಷೆಯ ಆ್ಯಪಿನಲ್ಲಿ ‘ಅಪ್‌ಲೋಡ್’ ಅಂಕಿಯನ್ನು ನೋಡಿ, ಅದನ್ನೂ ಹಗಲಿನಲ್ಲಲ್ಲ, ಊರಿನವರೆಲ್ಲ ಫೋನ್ ಹಿಡಿದು ಕುಳಿತಿರುವ ರಾತ್ರಿ ಒಂಬತ್ತಕ್ಕೆ ಮೂರು ನಾಲ್ಕು ದಿನ ನೋಡಿ. ನಿಮಗೆ ಸಿಕ್ಕ ಅತ್ಯಂತ ಕಡಿಮೆ ಅಂಕಿಯ ಅರ್ಧದಷ್ಟನ್ನು ಮಾತ್ರ ನಂಬಿ.

ಲೆಕ್ಕ ಹೀಗಿದೆ. ಸೆಕೆಂಡಿಗೆ 2.5 ಮೆಗಾಬಿಟ್‌ನಂತೆ ಕಳುಹಿಸಿದರೆ ಗಂಟೆಗೆ ಸುಮಾರು 1.1 ಜಿಬಿ ಖರ್ಚಾಗುತ್ತದೆ, ಆರು ಗಂಟೆಗೆ ಆರೂಮುಕ್ಕಾಲು ಜಿಬಿ. ದಿನಕ್ಕೆ 1.5 ಜಿಬಿ ಕೊಡುವ ಸಿಮ್ಮಿನಲ್ಲಿ ಇದು 80 ನಿಮಿಷಕ್ಕೆ ಮುಗಿಯುತ್ತದೆ, ಆಮೇಲೆ ಸಾಮಾನ್ಯವಾಗಿ ಸಿಗುವುದು 64 ಕಿಲೋಬಿಟ್ ವೇಗ. ಅದರಲ್ಲಿ ಧ್ವನಿಯೂ ಸರಿಯಾಗಿ ಹೋಗುವುದಿಲ್ಲ. ಕುಳಿತು ಮಾತಾಡುವವರ ಚಿತ್ರಕ್ಕೆ ಅಷ್ಟು ಬೇಡವೇ ಬೇಡ. 480ರ ಗುಣಮಟ್ಟಕ್ಕೆ ಇಳಿಸಿ ಒಂದು ಮೆಗಾಬಿಟ್‌ನಲ್ಲಿ ಕಳುಹಿಸಿದರೆ ಗಂಟೆಗೆ 450 ಎಂಬಿ ಸಾಕು. ಧ್ವನಿಗೆ ಬೇಕಾಗುವ 128 ಕಿಲೋಬಿಟ್ ಮಾತ್ರ ಯಾವ ಕಾರಣಕ್ಕೂ ಕಡಿಮೆಯಾಗದಿರಲಿ. ಯೂಟ್ಯೂಬಿನ ಆ್ಯಪು ಇದನ್ನೆಲ್ಲ ನಿಮ್ಮ ಕೈಗೆ ಕೊಡುವುದಿಲ್ಲವಾದ್ದರಿಂದ ಲ್ಯಾರಿಕ್ಸ್ ಬ್ರಾಡ್‌ಕಾಸ್ಟರ್‌ನಂಥ ಬೇರೆ ಆ್ಯಪನ್ನು ಹಾಕಿಕೊಳ್ಳಿ. ಯೂಟ್ಯೂಬಿನಲ್ಲಿ ಪ್ರಸಾರವನ್ನು ನಿಭಾಯಿಸುವ ಲೈವ್ ಕಂಟ್ರೋಲ್ ರೂಮ್ ಎಂಬ ಪುಟದಲ್ಲಿ ಸಿಗುವ ಸ್ಟ್ರೀಮ್ ಕೀ ಎಂಬ ಗುಪ್ತ ಅಕ್ಷರಮಾಲೆಯನ್ನು ಅದಕ್ಕೆ ಕೊಟ್ಟರೆ ಚಿತ್ರದ ಗಾತ್ರ, ಧ್ವನಿಯ ಮೂಲ, ಎಲ್ಲವನ್ನೂ ನೀವೇ ನಿಶ್ಚಯಿಸಬಹುದು. ಆ ಕೀಯನ್ನು ಪಡೆದವರು ಯಾರಾದರೂ ನಿಮ್ಮ ಚಾನೆಲ್ಲಿನಲ್ಲಿ ಏನನ್ನಾದರೂ ಪ್ರಸಾರ ಮಾಡಬಲ್ಲರು, ಹಾಗಾಗಿ ಕುಟುಂಬದ ಗುಂಪಿನಲ್ಲಿ ಅದರ ಚಿತ್ರ ಹಾಕಬೇಡಿ. ಕಂಟ್ರೋಲ್ ರೂಮಿನಲ್ಲಿಯೇ ‘ಆಟೊ ಸ್ಟಾಪ್’ ಎಂಬುದನ್ನು ತೆಗೆದುಹಾಕಿ. ಅದು ಇದ್ದರೆ ಸಂಪರ್ಕ ಕಡಿದಾಗ ಪ್ರಸಾರ ಮುಗಿಯಿತೆಂದು ಪರಿಗಣಿತವಾಗುತ್ತದೆ. ತೆಗೆದಿದ್ದರೆ ಸಂಪರ್ಕ ಮರಳಿದ ಮೇಲೆ ಅದೇ ಕೊಂಡಿಯಲ್ಲಿ ಮುಂದುವರಿಯುತ್ತದೆ.

ಮಳೆಗಾಲದ ರಾತ್ರಿ ಕರೆಂಟ್ ಹೋಗುವುದನ್ನು ಖಚಿತವೆಂದೇ ಇಟ್ಟುಕೊಳ್ಳಿ. ಫೈಬರಿನ ಪೆಟ್ಟಿಗೆಯನ್ನೂ ವೈಫೈ ರೂಟರನ್ನೂ ಇನ್ವರ್ಟರಿನ ಸಾಲಿಗೆ ಹಾಕಿಸಿ. ಎರಡನೆಯ ಫೋನನ್ನು ಸಿಗ್ನಲ್ ಸಿಗುವ ಅಂಗಳದಲ್ಲಿ ಹಾಟ್‌ಸ್ಪಾಟ್ ಮಾಡಿ, ಚಾರ್ಜರಿಗೆ ಸಿಕ್ಕಿಸಿ, ಮಳೆ ತಾಗದಂತೆ ಇಡಿ. ಪ್ರಸಾರ ಮಾಡುವ ಫೋನು ಅದರ ಗುಪ್ತಪದವನ್ನು ಮೊದಲೇ ನೆನಪಿಟ್ಟುಕೊಂಡಿರಲಿ.

ಪ್ರಸಾರದ ಫೋನಿಗೆ ಕರೆ ಬಂದರೆ ಮೈಕು ಕರೆಯ ಪಾಲಾಗುತ್ತದೆ. ಏರೋಪ್ಲೇನ್ ಮೋಡ್ ಹಾಕಿ ಆಮೇಲೆ ವೈಫೈ ಮಾತ್ರ ತೆರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಅದು ಸಾಲದು. ವೈಫೈ ಕಾಲಿಂಗ್ ಚಾಲ್ತಿಯಲ್ಲಿದ್ದರೆ ಆಗಲೂ ಕರೆ ಬರುತ್ತದೆ, ವಾಟ್ಸ್‌ಆ್ಯಪ್ ಕರೆಯಂತೂ ಬಂದೇ ಬರುತ್ತದೆ. ಎರಡನ್ನೂ ಮುಚ್ಚಿ. ಲಿಂಕ್ ಬರಲಿಲ್ಲವೆಂದು ಮಸ್ಕತ್ತಿನಿಂದ ಬರುವ ಮೊದಲ ಕರೆಯೇ ಆ ಫೋನಿಗೆ ಬರುತ್ತದೆ!

ಚೌಕಿಯ ಹತ್ತಿರ

ತಂತ್ರದ ಸಲಹೆಗಳೆಲ್ಲ ಚೆನ್ನಾಗಿವೆ. ಆದರೆ ಕಲಾವಿದರನ್ನು ಕೇಳಿದ್ದೀರಾ ಎಂದು ಇಷ್ಟು ಹೊತ್ತು ಯಾರೂ ಕೇಳಲಿಲ್ಲ. ನನ್ನ ತಂದೆ ಅರ್ಥಧಾರಿಗಳು. ಅವರು ಬರೆದಿಟ್ಟುಕೊಂಡು ಮಾತಾಡುವವರಲ್ಲ; ಎದುರಿನವರ ಮಾತಿಗೆ ಆ ಕ್ಷಣಕ್ಕೆ ಹೊಳೆದದ್ದನ್ನು, ಆ ಸಭೆಯ ಮುಖ ನೋಡಿ, ಆಡುತ್ತಾರೆ. ಒಂದು ಕೂಟದಲ್ಲಿ ಅವರು ಪಾತ್ರವಾಗಿ ಆಡಿದ ನಿಂದೆಯ ಒಂದು ನಿಮಿಷವನ್ನು ಯಾರೋ ಕತ್ತರಿಸಿ ಹಂಚಿದರು. ಅದಕ್ಕೆ ಎದುರಾಳಿ ಕೊಟ್ಟ ಉತ್ತರವಾಗಲಿ, ತಂದೆಯವರೇ ಆಮೇಲೆ ಒಪ್ಪಿ ಶರಣಾದ ಭಾಗವಾಗಲಿ ಅದರಲ್ಲಿರಲಿಲ್ಲ. ತಿಂಗಳುಗಟ್ಟಲೆ ಅವರಿಗೆ ಸಮಾಧಾನವಿರಲಿಲ್ಲ.

ಕಾನೂನಿನಲ್ಲಿಯೂ ಇದಕ್ಕೆ ಆಧಾರವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮು ಪ್ರದರ್ಶಕರಿಗೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. 2012ರ ತಿದ್ದುಪಡಿಯಿಂದ ಬಂದ 38ಎ ಕಲಮಿನಂತೆ ಪ್ರದರ್ಶನವನ್ನು ಮುದ್ರಿಸುವುದೂ ಸಾರ್ವಜನಿಕರಿಗೆ ತಲುಪಿಸುವುದೂ ಅವರ ಹಕ್ಕಿಗೆ ಸೇರಿದವು. ಪ್ರದರ್ಶಕರೆಂದರೆ ಹಾಡುವವರು, ಬಾರಿಸುವವರು ಮಾತ್ರವಲ್ಲ, ಉಪನ್ಯಾಸ ನೀಡುವವರನ್ನೂ ಆ ಕಾಯ್ದೆ ಸೇರಿಸಿಕೊಂಡಿದೆ, ಹಾಗಿರುವಾಗ ಅರ್ಥಧಾರಿ ಹೊರಗುಳಿಯಲಾರರು. ಆದರೆ ನಾನು ಹೇಳುತ್ತಿರುವುದು ಕಾನೂನಿಗಾಗಿ ಅಲ್ಲ. ಕರೆಯುವಾಗಲೇ ‘ಮನೆಯವರಿಗಾಗಿ ಪ್ರಸಾರ ಮಾಡುತ್ತೇವೆ, ಮುದ್ರಿಕೆಯನ್ನು ಇಷ್ಟು ದಿನ ಇಡುತ್ತೇವೆ’ ಎಂದು ಹೇಳಿ ಒಪ್ಪಿಗೆ ಪಡೆದರೆ ಅವರು ನಿಶ್ಚಿಂತೆಯಿಂದ ಮಾತಾಡುತ್ತಾರೆ. ಕುಳಿತ ಮೇಲೆ ಎದುರಿಗೆ ಫೋನ್ ಕಂಡರೆ ನಾಲಿಗೆ ಬಿಗಿಯುತ್ತದೆ. ಮುದ್ರಿಕೆಯನ್ನು ಉಳಿಸಲೇಬೇಕೆಂಬ ಹಟ ಬೇಡವೆಂದು ನನ್ನ ಅಭಿಪ್ರಾಯ.

ಕಂಬಳಿಕೊಪ್ಪೆ

ನೀವು ಹೇಳಿದ್ದು ನ್ಯಾಯ, ನಾನು ಅದನ್ನು ಮೊದಲ ಉತ್ತರದಲ್ಲಿಯೇ ಬರೆಯಬೇಕಾಗಿತ್ತು. ಆದರೆ ಮುದ್ರಿಕೆಯನ್ನು ಅಳಿಸುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನಮ್ಮ ಊರಿನ ಕೂಟದ ಹಳೆಯ ಮುದ್ರಿಕೆಯಲ್ಲಿ ಈಗ ಇಲ್ಲದ ಒಬ್ಬ ಭಾಗವತರ ಪದ್ಯಗಳಿವೆ, ಅವರ ಮಕ್ಕಳ ಹತ್ತಿರವೂ ಬೇರೆ ಮುದ್ರಿಕೆಯಿಲ್ಲ. ಜಾಲದಿಂದ ತೆಗೆಯಿರಿ, ಆದರೆ ತೆಗೆಯುವ ಮೊದಲು ಇಳಿಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿಡಿ, ಕಲಾವಿದರಿಗೂ ಒಂದೊಂದು ಪ್ರತಿ ಕೊಡಿ.

ಇದೇ ವಿಷಯದಲ್ಲಿ ಇನ್ನೊಂದು. ಆರಂಭಕ್ಕೆ ಮುಂಚೆ ಮೈಕ್‌ಸೆಟ್ಟಿನವರು ಭಕ್ತಿಗೀತೆಗಳನ್ನು ಹಾಕುತ್ತಾರಲ್ಲ, ಪ್ರಸಾರ ತೆರೆದ ಮೇಲೆ ಅದು ಹೋಗಬಾರದು. ಒಮ್ಮೆ ಒಂದು ವೇದಿಕೆಯಲ್ಲಿ ನಮ್ಮ ಪ್ರಸಾರ ಆರಂಭವಾದ ಹತ್ತೇ ನಿಮಿಷಕ್ಕೆ ಹಾಡಿನ ಹಕ್ಕುದಾರರ ಹೆಸರಿನಲ್ಲಿ ನಿಂತುಹೋಯಿತು. ಭಾಗವತರು ಇನ್ನೂ ತಾಳ ಹಿಡಿದಿರಲಿಲ್ಲ. ಮಾಡಿದ ಸಿದ್ಧತೆಯೆಲ್ಲ ನೀರಿನಲ್ಲಿ ಹೋಮವಾಯಿತು.

ಮರಳುಗಾಡಿನ ಮಲೆನಾಡಿಗ

ನೋಡುವ ಕಡೆಯವನಾಗಿ ಎರಡು ಕೋರಿಕೆಗಳು. ನಾನು ಮಸ್ಕತ್ತಿನಲ್ಲಿದ್ದೇನೆ, ನಿಮ್ಮ ಒಂಬತ್ತು ಗಂಟೆ ನಮಗೆ ಏಳೂವರೆ; ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯವರಿಗೆ ಬೆಳಗಿನ ಹನ್ನೊಂದೂವರೆ. ಆಹ್ವಾನದಲ್ಲಿ ಮೂರೂ ಸಮಯವನ್ನು ಬರೆಯಿರಿ. ನಡುವೆ ಬಂದು ಸೇರಿಕೊಂಡವರಿಗೆ ಯಾರು ಯಾವ ಪಾತ್ರವೆಂದು ತಿಳಿಯುವುದಿಲ್ಲ, ಏಕೆಂದರೆ ವೇಷವಿಲ್ಲ. ಪ್ರಸಂಗದ ಹೆಸರು, ಹಿಮ್ಮೇಳದವರ ಹೆಸರು, ಬಲಗಡೆ ಕುಳಿತವರು ಯಾರು, ಎಡಗಡೆಯವರು ಯಾರು ಎಂಬುದನ್ನು ವಿವರಣೆಯಲ್ಲಿ ಬರೆದುಬಿಡಿ. ಫೋನನ್ನು ಭಾಗವತರ ಎದುರಿಗೆ, ಕುಳಿತವರ ಕಣ್ಣಿನ ಎತ್ತರಕ್ಕೆ, ಸ್ಟ್ಯಾಂಡಿನ ಮೇಲೆ ಇಟ್ಟರೆ ಎರಡು ಬದಿಯ ಅರ್ಥಧಾರಿಗಳೂ ಕಾಣುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟಬಾರದು. ಹತ್ತಿರ ಎಳೆಯುವುದು, ದೂರ ತಳ್ಳುವುದು, ಕೈಯಲ್ಲಿ ಹಿಡಿದು ಸಭೆಯೆಲ್ಲ ಸುತ್ತುವುದು ಮಾಡಿದರೆ ಹಿರಿಯರಿಗೆ ತಲೆ ತಿರುಗುತ್ತದೆ.

ಅಘನಾಶಿನಿ ದಂಡೆ

ನಿನ್ನೆ ರಾತ್ರಿ ಒಂದು ಗಂಟೆಯ ಪ್ರಯೋಗ ಮಾಡಿದೆವು. ಊರಿನ ಹವ್ಯಾಸಿಗಳು ಬಂದು ಎರಡು ಪದ್ಯ ಹೇಳಿ ಅರ್ಥ ಹೇಳಿದರು, ಅತ್ತೆ ಬೆಂಗಳೂರಿನಲ್ಲಿ ಟಿವಿಯ ಮುಂದೆ ಕುಳಿತು ಫೋನಿನಲ್ಲಿ ಹೇಳುತ್ತಾ ಹೋದರು. ಉಗುರಿನಿಂದ ಕೆರೆದು ನೋಡಿದಾಗ ಸದ್ದು ಕೇಳಿಸಿತು. ಕೇಬಲ್ಲು ಎರಡು ಗೆರೆಯದಾಗಿತ್ತು. ಶಿರಸಿಯಿಂದ ಯುಎಸ್‌ಬಿ ಪೆಟ್ಟಿಗೆಯನ್ನೇ ತರಿಸಿದ್ದೇವೆ. ರಾತ್ರಿ ಒಂಬತ್ತರ ಏರಿಸುವ ವೇಗ ಒಂದು ದಿನ ನಾಲ್ಕು ಮೆಗಾಬಿಟ್‌ಗೆ ಇಳಿದಿತ್ತು, ಹಾಗಾಗಿ ಒಂದು ಮೆಗಾಬಿಟ್‌ನಲ್ಲಿಯೇ ಕಳುಹಿಸುತ್ತೇವೆ. ನಾವು ಯಾರೂ ಯೋಚಿಸದ ಒಂದು ತೊಂದರೆ ಎದುರಾಯಿತು. ಅಂಗಳದ ಚಪ್ಪರಕ್ಕೆ ತಗಡು ಹೊದಿಸಿದ್ದೇವೆ, ಮಳೆ ಜೋರಾದಾಗ ಸಭೆಯ ಮೈಕಿನಲ್ಲಿ ತಗಡಿನ ಸದ್ದೇ ತುಂಬಿಕೊಂಡಿತು. ಆದ್ದರಿಂದ ಕೂಟವನ್ನು ಒಳಜಗುಲಿಗೆ ಬದಲಾಯಿಸಿದ್ದೇವೆ. ಜಾಗ ಇಕ್ಕಟ್ಟಾಗುತ್ತದೆ, ಆದರೆ ಮಾತು ಕೇಳುತ್ತದೆ.

ಭಾಗವತರಿಗೂ ಎಲ್ಲ ಅರ್ಥಧಾರಿಗಳಿಗೂ ನಾನೇ ಫೋನ್ ಮಾಡಿ ಕೇಳಿದೆ. ಪ್ರಸಾರಕ್ಕೆ ಎಲ್ಲರೂ ಒಪ್ಪಿದರು, ಒಬ್ಬರು ಮಾತ್ರ ಮುದ್ರಿಕೆ ಜಾಲದಲ್ಲಿ ಉಳಿಯುವುದು ಬೇಡವೆಂದರು. ಹಾಗಾಗಿ ಮರುದಿನ ಸಂಜೆಯವರೆಗೆ, ನ್ಯೂಜೆರ್ಸಿಯ ಮಗಳು ಉಳಿದ ಭಾಗವನ್ನು ನೋಡಿ ಮುಗಿಸುವಷ್ಟು ಹೊತ್ತು ಇಟ್ಟು, ಆಮೇಲೆ ಇಳಿಸಿಕೊಂಡು ತೆಗೆಯುತ್ತೇವೆ. ಈ ಮಾತನ್ನು ವಿವರಣೆಯಲ್ಲಿಯೂ ಬರೆದಿದ್ದೇನೆ.

ಶ್ರುತಿಪೆಟ್ಟಿಗೆಯವರಿಗೆ ಒಂದೇ ಪ್ರಶ್ನೆ ಉಳಿದಿದೆ. ಜಗುಲಿಗೆ ಬಂದ ಮೇಲೆ ಚೆಂಡೆಯವರು ಭಾಗವತರ ಮೈಕಿಗೆ ಮೂರೇ ಅಡಿ ದೂರದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಚೆಂಡೆಗೆ ಬೇರೆ ಮೈಕು ಇನ್ನೂ ಬೇಕೇ?

ಶ್ರುತಿಪೆಟ್ಟಿಗೆ

ಬೇಡ, ಅದನ್ನು ತೆಗೆದುಬಿಡಿ. ಭಾಗವತರ ಮೈಕಿಗೇ ಬೇಕಾದಷ್ಟು ಚೆಂಡೆ ಬರುತ್ತದೆ. ಎರಡೂ ಇದ್ದರೆ ಒಂದೇ ಪೆಟ್ಟು ಎರಡು ಬಾರಿ ಕೇಳಿದಂತಾಗಿ ಪದ್ಯ ಮಸುಕಾಗುತ್ತದೆ. ಭಾಗವತರ ಮೈಕಿನ ಬೆನ್ನು ಚೆಂಡೆಯ ಕಡೆಗೆ ಬರುವಂತೆ ತಿರುಗಿಸಿಡಿ, ಚೆಂಡೆಯವರ ಹಿಂದಿನ ಗೋಡೆಗೆ ದಪ್ಪ ಕಂಬಳಿಯೊಂದನ್ನು ನೇತುಹಾಕಿ. ಸಭೆಯ ಮೈಕು ಇರಲಿ. ಶನಿವಾರ ಸಂಜೆ ಆರಕ್ಕೆ ಎಲ್ಲವನ್ನೂ ಜೋಡಿಸಿದ ಮೇಲೆ ಭಾಗವತರಿಂದ ಒಂದು ಏರುಪದ್ಯ ಹೇಳಿಸಿ, ಅತ್ತೆಯವರಿಂದ ಮತ್ತೊಮ್ಮೆ ಕೇಳಿಸಿಕೊಳ್ಳಿ. ಅವರು ಸರಿಯೆಂದ ಮೇಲೆ ಮಿಕ್ಸರಿನ ಗುಂಡಿಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.